ಸಡಿಲು ಕೀಲಿನ ಮಕ್ಕಳು

ಶಾಲೆಯ ಬಿಡುವಿನ ವೇಳೆಯಲ್ಲಿ ಮಕ್ಕಳು ಗುಂಪುಗೂಡಿದಲ್ಲಿ ಒಂದು ಬಗೆಯ ಪಂದ್ಯ ನಡೆಯುವುದುಂಟು. ಒಬ್ಬನು ತನ್ನ ಹೆಬ್ಬೆರಳನ್ನು ಬಗ್ಗಿಸಿ ಮುಂದೋಳಿಗೆ ತಾಗಿಸುತ್ತಾನೆ. ಇನ್ನೊಬ್ಬಳು ಕಿರುಬೆರಳನ್ನು ಹಿಂದಕ್ಕೆ ಮಡಿಸಿ ನೆಟ್ಟಗೆ ನಿಲ್ಲಿಸುತ್ತಾಳೆ. ಮೂರನೆಯವನು ಮೊಣಕಾಲು ಮಡಿಸದೆಯೇ ಬಾಗಿ ಎರಡೂ ಅಂಗೈಗಳನ್ನು ನೆಲಕ್ಕೆ ಊರುತ್ತಾನೆ. ನೋಡುವವರು ಬೆರಗಾಗಿ, 'ಇವನ ಮೈಯಾಗ ಎಲುಬೇ ಇಲ್ಲ' ಎಂದು ನಗುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಯಾವ ಶಾಲೆಯ ಅಂಗಳದಲ್ಲಾದರೂ ಇಂಥ ಮಕ್ಕಳು ಕಾಣಸಿಗುತ್ತಾರೆ.

ಇಂಥ ಮಕ್ಕಳಲ್ಲಿ ಕೆಲವರು ಸಂಜೆ ಮನೆಗೆ ಬಂದು, 'ಅವ್ವಾ, ಕಾಲು ಭಾಳ ನೋಯಾಕತ್ತಾವ' ಎಂದು ಹಾಸಿಗೆಯ ಮೇಲೆ ಉರುಳುತ್ತಾರೆ. ಕಾಲನ್ನು ಮುಟ್ಟಿ ನೋಡಿದರೆ ಬಾವಿಲ್ಲ, ಗಾಯವಿಲ್ಲ, ಮೈ ಬಿಸಿಯಿಲ್ಲ. ಮರುದಿನ ಬೆಳಗಾಗುತ್ತಲೇ ಮಗು ಮತ್ತೆ ಓಡತೊಡಗುತ್ತದೆ. ಹೀಗಾಗಿ, 'ಹಗಲೆಲ್ಲಾ ಕುಣದಾಡಿ ಈಗ ನೋವಂದರ?' ಎಂಬ ಗದರಿಕೆಯೇ ಆ ಮಗುವಿನ ಪಾಲಿಗೆ ಬರುವ ಔಷಧ. ಶಾಲೆಯಲ್ಲಿಯಾದರೂ ಅಷ್ಟೆ. ಎರಡು ಪುಟ ಬರೆಯುವಷ್ಟರಲ್ಲಿ ಕೈ ಸೋತು ಅಕ್ಷರ ಸೊಟ್ಟಗಾದರೆ ಅದು ಸೋಮಾರಿತನವೆಂದೇ ಎಣಿಕೆಯಾಗುತ್ತದೆ. ಅಂಗಳದ ಚಮತ್ಕಾರಕ್ಕೂ ರಾತ್ರಿಯ ನೋವಿಗೂ ಸಂಬಂಧವಿರಬಹುದೆಂಬುದು ಯಾರಿಗೂ ಹೊಳೆಯುವುದಿಲ್ಲ.

ಆ ಸಂಬಂಧವೇನೆಂಬುದನ್ನು ಇಲ್ಲಿ ವಿಚಾರಿಸೋಣ. ನಾವು ಭೌತವಿಜ್ಞಾನವನ್ನು ಬೋಧಿಸುವವರೇ ಹೊರತು ವೈದ್ಯರಲ್ಲ. ಆದರೆ ಕೀಲು ಎಂಬುದು ಮೊದಲಿಗೆ ಒಂದು ಯಂತ್ರ. ಯಂತ್ರದ ನಿಯಮಗಳನ್ನು ಅರಿತವರಿಗೆ ಅದರ ಸಡಿಲಿಕೆಯ ಮರ್ಮವೂ ಅದನ್ನು ನಿಭಾಯಿಸುವ ದಾರಿಯೂ ಸುಲಭವಾಗಿ ತಿಳಿಯುತ್ತವೆ.

ಕಂಬ, ಹಗ್ಗ ಮತ್ತು ಹಿಡಿಯುವ ಕೈ

ಪ್ರತಿ ವರ್ಷ ಅಕ್ಟೋಬರ್ ತಿಂಗಳಲ್ಲಿ ಕಿತ್ತೂರು ಉತ್ಸವಕ್ಕಾಗಿ ಡೇರೆಗಳನ್ನು ನಿಲ್ಲಿಸುವುದನ್ನು ಅನೇಕರು ನೋಡಿರಬಹುದು. ಉದ್ದನೆಯ ಕಂಬವನ್ನು ಎತ್ತಿ ನಿಲ್ಲಿಸಬೇಕಾದರೆ ಮೂರು ಆಧಾರಗಳು ಬೇಕು. ಕಂಬದ ಬುಡ ಕೂಡುವ ಕುಳಿ ಮೊದಲನೆಯದು. ಗೂಟಕ್ಕೆ ಬಿಗಿದ ಹಗ್ಗಗಳು ಎರಡನೆಯದು. ಹಗ್ಗ ಬಿಗಿಯುವವರೆಗೆ ಸುತ್ತಲೂ ನಿಂತು ಎಳೆದು ಹಿಡಿಯುವ ಆಳುಗಳು ಮೂರನೆಯದು. ಹಗ್ಗಗಳು ಬಿಗಿಯಾದೊಡನೆ ಆಳುಗಳು ಕೈಬಿಟ್ಟು ವಿಶ್ರಮಿಸಬಹುದು. ಹಗ್ಗಗಳು ಸಡಿಲಾಗಿದ್ದರೆ? ಕಂಬ ಬೀಳಬಾರದೆಂದರೆ ಆಳುಗಳು ಹಿಡಿದುಕೊಂಡೇ ನಿಲ್ಲಬೇಕು; ಹೊತ್ತು ಇಳಿಯುವಷ್ಟರಲ್ಲಿ ಅವರ ತೋಳುಗಳು ಸೋತುಹೋಗುತ್ತವೆ.

ಶರೀರದ ಕೀಲುಗಳ ಸ್ಥಿತಿಯೂ ಹೀಗೆಯೇ ಇದೆ. ಎಲುಬಿನ ತುದಿಗಳ ಆಕಾರವು ಕುಳಿಯ ಕೆಲಸವನ್ನು ಮಾಡುತ್ತದೆ. ಸೊಂಟದ ಕೀಲಿನಲ್ಲಿ ತೊಡೆಯೆಲುಬಿನ ಗುಂಡು ಆಳವಾದ ಬಟ್ಟಲಿನಲ್ಲಿ ಕೂತಿರುವುದರಿಂದ ಅದು ಸ್ವಭಾವತಃ ಭದ್ರ. ಭುಜದ ಬಟ್ಟಲು ಆಳವಿಲ್ಲದ್ದರಿಂದ ಅದು ಜಾರುವುದು ಸುಲಭ. ಎಲುಬಿನಿಂದ ಎಲುಬಿಗೆ ಬಿಗಿದ ನಾರಿನ ಪಟ್ಟಿಗಳಾದ ಅಸ್ಥಿರಜ್ಜುಗಳು ಹಗ್ಗಗಳಿದ್ದಂತೆ. ಕೀಲಿನ ಸುತ್ತಲೂ ಇರುವ ಸ್ನಾಯುಗಳು ಎಳೆದು ಹಿಡಿಯುವ ಆಳುಗಳು. ಅಸ್ಥಿರಜ್ಜುಗಳು ಹೆಚ್ಚು ಹಿಗ್ಗುವ ಗುಣವುಳ್ಳವಾಗಿದ್ದರೆ ಕೀಲು ಸಹಜವಾದ ಮಿತಿಯನ್ನು ದಾಟಿ ಬಾಗುತ್ತದೆ. ಇದನ್ನೇ ಕೀಲುಗಳ ಅತಿಚಲನೆ ಎನ್ನುವರು. ಕೀಲನ್ನು ಅಂಕೆಯಲ್ಲಿಡುವ ಭಾರವೆಲ್ಲ ಆಗ ಸ್ನಾಯುಗಳ ಮೇಲೆ ಬೀಳುತ್ತದೆ. ಹಗಲು ಹೊತ್ತಿನಲ್ಲಿ ಬಿಡುವಿಲ್ಲದೆ ದುಡಿದ ಸ್ನಾಯುಗಳು ಸಂಜೆಗೆ ನೋಯುತ್ತವೆ. ರಾತ್ರಿಯ ನಿದ್ರೆಯಲ್ಲಿ ಚೇತರಿಸಿಕೊಳ್ಳುತ್ತವೆ. ಬೆಳಿಗ್ಗೆ ಮಗು ಓಡುವುದು ಇದರಿಂದಲೇ. ಮಗು ಸುಳ್ಳು ಹೇಳಿತೆಂಬುದಕ್ಕೆ ಅದು ಸಾಕ್ಷಿಯಲ್ಲ.

ಹತ್ತಿಯ ನೂಲು, ಮೈಯ ನಾರು

ಹಾಗಾದರೆ ಈ ಹಗ್ಗವು ಯಾವ ವಸ್ತುವಿನಿಂದ ಆಗಿದೆ? ಬೈಲಹೊಂಗಲದ ಕರಿನೆಲದಲ್ಲಿ ಬೆಳೆದ ಹತ್ತಿಯ ಒಂದು ಎಳೆಯನ್ನು ಬೆರಳಿನಿಂದ ಎಳೆದರೆ ಕ್ಷಣಾರ್ಧದಲ್ಲಿ ತುಂಡಾಗುತ್ತದೆ. ಅಂಥ ಅನೇಕ ಎಳೆಗಳನ್ನು ಹೊಸೆದರೆ ನೂಲು. ನೂಲುಗಳನ್ನು ಹುರಿಮಾಡಿದರೆ ದಾರ. ದಾರಗಳನ್ನು ಹೆಣೆದರೆ ಎತ್ತನ್ನು ಕಟ್ಟಬಲ್ಲ ಹಗ್ಗ. ಪ್ರಕೃತಿಯು ನಮ್ಮ ಶರೀರದಲ್ಲಿ ಅನುಸರಿಸಿರುವುದೂ ಇದೇ ಉಪಾಯವನ್ನು. ಅಲ್ಲಿಯ ಹತ್ತಿ ಎಂದರೆ ಕೊಲಾಜನ್ ಎಂಬ ಪ್ರೋಟೀನು. ಅದರ ಒಂದು ಅಣುವಿನಲ್ಲಿ ಸುಮಾರು 1000 ಅಮೈನೋ ಆಮ್ಲಗಳ ಮೂರು ಸರಪಳಿಗಳು ಒಂದನ್ನೊಂದು ಸುತ್ತಿಕೊಂಡು ಹುರಿಯಾಗಿವೆ. ಈ ಹುರಿಯ ಉದ್ದ ಸುಮಾರು 300 ನ್ಯಾನೋಮೀಟರ್. ದಪ್ಪ ಒಂದೂವರೆ ನ್ಯಾನೋಮೀಟರ್ ಮಾತ್ರ. ಇಂಥ ಅಸಂಖ್ಯಾತ ಹುರಿಗಳು ಸಾಲುಗೂಡಿ, ಒಂದಕ್ಕೊಂದು ಬೆಸುಗೆಗೊಂಡು, ಎಳೆಯಾಗಿ ಕಂತೆಯಾಗಿ ಕೊನೆಗೆ ಅಸ್ಥಿರಜ್ಜುವಾಗುತ್ತವೆ.

ಈ ಮೂರೆಳೆಯ ಹುರಿಯ ವಿನ್ಯಾಸವನ್ನು ಮೊದಲು ಸೂಚಿಸಿದವರಲ್ಲಿ ಪ್ರಮುಖರು ಭಾರತೀಯರೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ನರು ಮದರಾಸು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದಾಗ, ಗೋಪಿನಾಥ ಕರ್ತಾ ಅವರೊಡನೆ 1954ರಲ್ಲಿ ಅದನ್ನು ಪ್ರಕಟಿಸಿದರು. ಕಾಂಗರೂವಿನ ಬಾಲದ ಸ್ನಾಯುರಜ್ಜುವಿನ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ ಪಡೆದ ಚಿತ್ರಗಳು ಈ ಶೋಧಕ್ಕೆ ನೆರವಾದವು. ಸರಪಳಿಯ ಪ್ರತಿ ಮೂರನೆಯ ಸ್ಥಾನದಲ್ಲಿ ಅತ್ಯಂತ ಚಿಕ್ಕದಾದ ಗ್ಲೈಸಿನ್ ಎಂಬ ಅಮೈನೋ ಆಮ್ಲವೇ ಇರಬೇಕು. ಹಾಗಿದ್ದರೆ ಮಾತ್ರ ಮೂರೂ ಎಳೆಗಳು ಒತ್ತಾಗಿ ಹುರಿಗೊಳ್ಳಲು ಸಾಧ್ಯ.

ಇನ್ನು ಈ ಹಗ್ಗವು ಹಿಗ್ಗುವ ಬಗೆಯನ್ನು ನೋಡೋಣ. ತಂತಿಯನ್ನು ಎಳೆದಾಗ ಬಲ ಹೆಚ್ಚಿದಂತೆ ಹಿಗ್ಗು ಅದೇ ಪ್ರಮಾಣದಲ್ಲಿ ಹೆಚ್ಚುವುದೆಂಬ ಹುಕ್ಕನ ನಿಯಮವನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಅಸ್ಥಿರಜ್ಜು ಆರಂಭದಲ್ಲಿ ಈ ನಿಯಮಕ್ಕೆ ಒಳಪಡುವುದಿಲ್ಲ. ರಾಮದುರ್ಗದ ನೇಕಾರರ ಮಗ್ಗದ ಮೇಲೆ ಬಿಗಿಯುವ ಮೊದಲು ಹಾಸಿನ ಎಳೆಗಳು ಜೋತುಬಿದ್ದಿರುತ್ತವೆ. ಆಗ ಬೆರಳಿನಿಂದ ಒತ್ತಿದರೂ ಅವು ಸರಿಯುತ್ತವೆ. ಬಿಗಿದ ಮೇಲಾದರೋ ಒಂದು ಕೂದಲೆಳೆಯಷ್ಟು ಸರಿಸಲೂ ಬಲ ಬೇಕು. ಅಸ್ಥಿರಜ್ಜುವಿನ ನಾರುಗಳೂ ವಿರಾಮದಲ್ಲಿ ಅಲೆಅಲೆಯಾಗಿ ಮಡಿಸಿಕೊಂಡಿರುತ್ತವೆ. ಆ ಅಲೆಗಳು ನೇರವಾಗುವವರೆಗೆ ಸ್ವಲ್ಪವೇ ಬಲಕ್ಕೆ ಬಹಳ ಹಿಗ್ಗು. ಅನಂತರ ಹೆಚ್ಚು ಬಲಕ್ಕೂ ಕೊಂಚವೇ ಹಿಗ್ಗು. ಸಡಿಲು ಕೀಲಿನವರಲ್ಲಿ ಈ ಬಿಗಿತವು ತಡವಾಗಿ ಬರುತ್ತದೆ.

ಇದು ಹುಟ್ಟಿನಿಂದಲೇ ಬರುವ ಗುಣ. ತಂದೆತಾಯಿಗಳಿಂದ ಮಕ್ಕಳಿಗೆ ಇಳಿಯುವುದು ಸಾಮಾನ್ಯ. ಎಳೆಯ ಮಕ್ಕಳೆಲ್ಲರ ಕೀಲುಗಳೂ ದೊಡ್ಡವರವುಗಳಿಗಿಂತ ಸಡಿಲು; ವಯಸ್ಸು ಏರಿದಂತೆ ಬಿಗಿಯುತ್ತ ಹೋಗುತ್ತವೆ. ಹುಡುಗರಿಗಿಂತ ಹುಡುಗಿಯರಲ್ಲಿ ಸಡಿಲಿಕೆ ಹೆಚ್ಚು. ಯುರೋಪಿನ ಜನರಿಗಿಂತ ಭಾರತೀಯರಲ್ಲಿಯೂ ಅದು ಹೆಚ್ಚು. ಮುಂಬಯಿಯ ಮಕ್ಕಳ ವೈದ್ಯರು ಎಂಟುನೂರಕ್ಕೂ ಮಿಕ್ಕ ಆರೋಗ್ಯವಂತ ಮಕ್ಕಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಕೀಲುಗಳು ಸಡಿಲಾಗಿದ್ದುದು ಕಂಡುಬಂದಿತು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಸಡಿಲು ಕೀಲು ತಾನಾಗಿ ರೋಗವಲ್ಲ. ಉದ್ದ ಮೂಗು, ಗುಂಗುರು ಕೂದಲುಗಳಂತೆ ಅದೂ ಒಂದು ಮೈಕಟ್ಟಿನ ವೈವಿಧ್ಯ. ನೋವು, ದಣಿವು ಅಥವಾ ಮೇಲಿಂದ ಮೇಲೆ ಉಳುಕು ಕಾಣಿಸಿಕೊಂಡಾಗ ಮಾತ್ರ ಅದಕ್ಕೆ ಆರೈಕೆ ಬೇಕು.

ಒಂದಿಷ್ಟು ಲೆಕ್ಕ

ಸಡಿಲು ಮೊಣಕಾಲಿನ ಮಗು ನಿಂತಾಗ ಕಾಲು ನೇರವಾಗಿರದೆ ಬಿಲ್ಲಿನಂತೆ ಹಿಂದಕ್ಕೆ ಬಾಗುವುದನ್ನು ಕಾಣಬಹುದು. ಆಗ ಮೈಭಾರದ ರೇಖೆಯು ಮೊಣಕಾಲಿನ ಅಚ್ಚಿನ ಮುಂದೆ ಹಾಯುತ್ತದೆ. ಮಗುವಿನ ತೂಕ 30 ಕಿಲೋಗ್ರಾಂ ಎಂದೂ, ಮೊಣಕಾಲುಗಳ ಮೇಲಿನ ಭಾಗದ ತೂಕ ಸುಮಾರು 26 ಕಿಲೋಗ್ರಾಂ ಎಂದೂ ಇಟ್ಟುಕೊಳ್ಳೋಣ. ಒಂದೊಂದು ಮೊಣಕಾಲಿನ ಪಾಲಿಗೆ 13 ಕಿಲೋಗ್ರಾಂ ಭಾರ ಬಂದಿತು. ಭಾರದ ರೇಖೆ ಅಚ್ಚಿನಿಂದ 3 ಸೆಂಟಿಮೀಟರ್ ಮುಂದಿದ್ದರೆ, ಅದರ ತಿರುಗಿಸುವ ಪರಿಣಾಮ, ಅಂದರೆ ಭ್ರಾಮಕ, 13ನ್ನು 3ರಿಂದ ಗುಣಿಸಿದಷ್ಟು. ಅಚ್ಚಿನ ಹಿಂದೆ ಅಷ್ಟೇ ದೂರದಲ್ಲಿರುವ ರಜ್ಜುಗಳು ಇದನ್ನು ತಡೆಯಬೇಕಾದರೆ 13 ಕಿಲೋಗ್ರಾಂ ತೂಗುವ ಬಲದಿಂದ ಎಳೆಯಬೇಕು. ಕಾಲು ಇನ್ನಷ್ಟು ಬಾಗಿ ಭಾರದ ರೇಖೆ 6 ಸೆಂಟಿಮೀಟರಿಗೆ ಸರಿದರೆ ಈ ಎಳೆತವು 26 ಕಿಲೋಗ್ರಾಮಿಗೆ ಏರುತ್ತದೆ. ಬಾಗಿದಷ್ಟೂ ಎಳೆತ, ಎಳೆದಷ್ಟೂ ಬಾಗು. ಹೀಗೆ ನಿಂತಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಕೆಲಸವೇ ಇರುವುದಿಲ್ಲ. ಮಗುವು ತನ್ನ ಮೈಯನ್ನು ರಜ್ಜುಗಳಿಗೆ ತೂಗಹಾಕಿ ನಿಂತಂತಾಗುತ್ತದೆ. ಕೆಲಸವಿಲ್ಲದ ಸ್ನಾಯು ದಿನದಿನಕ್ಕೆ ಸೊರಗುತ್ತದೆ. ಮೊಣಕಾಲನ್ನು ಎಳ್ಳಷ್ಟು ಮಡಿಸಿ ನಿಲ್ಲುವುದನ್ನು ಕಲಿಸಿದರೆ ಭಾರದ ರೇಖೆ ಹಿಂದೆ ಸರಿದು ಸ್ನಾಯು ತನ್ನ ಹೊಣೆಯನ್ನು ತಾನೇ ಹೊರತೊಡಗುತ್ತದೆ.

ಇದರೊಡನೆ ಇನ್ನೊಂದು ತೊಡಕೂ ಉಂಟು. ಕಣ್ಣು ಮುಚ್ಚಿದ್ದರೂ ನಮ್ಮ ಕೈ ಎಲ್ಲಿದೆ, ಕಾಲು ಎಷ್ಟು ಮಡಿಸಿದೆ ಎಂಬುದು ನಮಗೆ ತಿಳಿಯುತ್ತದೆ. ಸ್ನಾಯು ಮತ್ತು ರಜ್ಜುಗಳಲ್ಲಿರುವ ನರದ ತುದಿಗಳು ಕಳಿಸುವ ಸುದ್ದಿಯಿಂದ ಉಂಟಾಗುವ ಈ ಅರಿವನ್ನು ಸ್ಥಾನಪ್ರಜ್ಞೆ ಎನ್ನಬಹುದು. ಸಡಿಲು ಕೀಲಿನ ಅನೇಕ ಮಕ್ಕಳಲ್ಲಿ ಈ ಪ್ರಜ್ಞೆ ಮಂದವಾಗಿರುವುದರಿಂದ ಅವರು ಎಡವುವುದು, ಪಾದ ಉಳುಕಿಸಿಕೊಳ್ಳುವುದು, ಲೇಖನಿಯನ್ನು ಬೇಕಾದುದಕ್ಕಿಂತ ಬಿಗಿಯಾಗಿ ಹಿಡಿಯುವುದು ಹೆಚ್ಚು. ಅಕ್ಷರ ಸೊಟ್ಟಗಾಗುವ ಗುಟ್ಟು ಇಲ್ಲಿದೆ.

ಗುರುತಿಸುವ ಬಗೆ

ಸಡಿಲಿಕೆಯನ್ನು ಅಳೆಯಲು ವೈದ್ಯರು ಬಳಸುವ ಸುಲಭವಾದ ಅಳತೆಗೋಲೊಂದಿದೆ. ಪೀಟರ್ ಬೈಟನ್ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ ದಕ್ಷಿಣ ಆಫ್ರಿಕದಲ್ಲಿ ನಡೆಸಿದ ಅಧ್ಯಯನವನ್ನು 1973ರಲ್ಲಿ ಪ್ರಕಟಿಸಿದಾಗ ಇದು ಬಳಕೆಗೆ ಬಂದಿತು. ಒಟ್ಟು ಒಂಬತ್ತು ಅಂಕಗಳು. ಕಿರುಬೆರಳು ಹಿಂದಕ್ಕೆ 90 ಡಿಗ್ರಿ ದಾಟಿ ಬಾಗಿದರೆ ಪ್ರತಿ ಕೈಗೆ ಒಂದು, ಹೆಬ್ಬೆರಳು ಮುಂದೋಳಿಗೆ ತಾಗಿದರೆ ಪ್ರತಿ ಕೈಗೆ ಒಂದು, ಮೊಣಕೈ ನೇರರೇಖೆಯನ್ನು ದಾಟಿ 10 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಹೋದರೆ ಪ್ರತಿಯೊಂದಕ್ಕೂ ಒಂದು, ಮೊಣಕಾಲುಗಳಿಗೂ ಹಾಗೆಯೇ, ಮೊಣಕಾಲು ಮಡಿಸದೆ ಬಾಗಿ ಅಂಗೈಗಳನ್ನು ನೆಲಕ್ಕೆ ಊರಿದರೆ ಒಂದು. ಮಕ್ಕಳು ಸ್ವಭಾವತಃ ಸಡಿಲು ಮೈಯವರಾದುದರಿಂದ, ಪ್ರೌಢಾವಸ್ಥೆಗೆ ಬಾರದವರಲ್ಲಿ ಆರು ಅಥವಾ ಹೆಚ್ಚು ಅಂಕಗಳಿದ್ದರೆ ಮಾತ್ರ ಅತಿಚಲನೆ ಎಂದು ಎಣಿಸಬೇಕೆಂಬುದು 2017ರಲ್ಲಿ ಅಂತರರಾಷ್ಟ್ರೀಯ ತಜ್ಞರು ಮಾಡಿದ ಗೊತ್ತುವಳಿ.

ಈ ಅಂಕಗಳು ನೋವಿನ ಅಳತೆಯಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಒಂಬತ್ತಕ್ಕೆ ಒಂಬತ್ತು ಪಡೆದ ಮಗು ಯಾವ ತೊಂದರೆಯೂ ಇಲ್ಲದೆ ಆಡಿಕೊಂಡಿರಬಹುದು. ಆದುದರಿಂದ ಅಂಕಗಳ ಜೊತೆಗೆ ಮಗುವಿನ ದಿನಚರಿಯನ್ನೂ ನೋಡಬೇಕು. ಆಟವಾಡಿದ ದಿನ ಸಂಜೆ ಅಥವಾ ರಾತ್ರಿ ಕಾಲುನೋವು, ಸ್ವಲ್ಪ ದೂರ ನಡೆದರೆ ಎತ್ತಿಕೊಳ್ಳೆಂಬ ಹಟ, ನಿಂತಾಗ ಚಪ್ಪಟೆಯಾಗುವ ಪಾದ, ಬೇಗನೆ ಸೋಲುವ ಬರವಣಿಗೆಯ ಕೈ, ಪದೇ ಪದೇ ಉಳುಕುವ ಹರಡು, ಇವು ಸಾಮಾನ್ಯ ಕುರುಹುಗಳು. ಇಂಥ ಮಕ್ಕಳಲ್ಲಿ ಕೆಲವರು ನಡೆಯಲು ಕಲಿಯುವುದೂ ಕೊಂಚ ತಡ. ಕೀಲು 'ಲಟಕ್' ಎನ್ನುವುದೂ ಉಂಟು; ನೋವಿಲ್ಲದ ಬರಿಯ ಸದ್ದಿಗೆ ಹೆದರಬೇಕಾದುದಿಲ್ಲ.

ಅಲಕ್ಷಿಸಬಾರದ ಚಿಹ್ನೆಗಳು

ನೋವೆಲ್ಲವನ್ನೂ ಸಡಿಲಿಕೆಯ ಲೆಕ್ಕಕ್ಕೆ ಬರೆಯುವುದು ಅಪಾಯಕರ. ಕೀಲು ಬಾತು ಬಿಸಿಯಾಗಿದ್ದರೆ, ಬೆಳಿಗ್ಗೆ ಎದ್ದಾಗ ಕೀಲುಗಳು ಬಿಗಿದುಕೊಂಡು ಹೊತ್ತೇರಿದಂತೆ ಸಡಿಲಾದರೆ, ಒಂದೇ ಜಾಗದಲ್ಲಿ ಬಿಡದೆ ನೋವಿದ್ದರೆ, ಮಗು ಕುಂಟುತ್ತಿದ್ದರೆ, ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಗಂಟಲುನೋವು ಬಂದುಹೋದ ಎರಡು ಮೂರು ವಾರಗಳಿಗೆ ಜ್ವರದೊಡನೆ ದೊಡ್ಡ ಕೀಲುಗಳು ಒಂದಾದ ಮೇಲೊಂದು ನೋಯತೊಡಗಿದರೆ ಅದು ರುಮ್ಯಾಟಿಕ್ ಜ್ವರವಾಗಿರಬಹುದು. ಅಲಕ್ಷಿಸಿದರೆ ಹೃದಯದ ಕವಾಟಗಳಿಗೇ ಧಕ್ಕೆ ತಗಲುವುದು.

ವಿರಳವಾಗಿ ಸಡಿಲಿಕೆಯು ಇಡೀ ಶರೀರದ ನಾರಿನ ದೋಷದ ಒಂದು ಅಂಶವಾಗಿರುವುದುಂಟು. ಡೆನ್ಮಾರ್ಕಿನ ಏಲರ್ಸ್ 1901ರಲ್ಲಿಯೂ ಫ್ರಾನ್ಸಿನ ಡಾನ್ಲೋಸ್ 1908ರಲ್ಲಿಯೂ ವರ್ಣಿಸಿದ ರೋಗದಲ್ಲಿ ಚರ್ಮವು ಅತಿಯಾಗಿ ಹಿಗ್ಗುತ್ತದೆ, ಗಾಯಗಳು ತೆಳುವಾದ ಅಗಲ ಕಲೆಗಳನ್ನು ಬಿಡುತ್ತವೆ. 2017ರ ವರ್ಗೀಕರಣದಲ್ಲಿ ಇದರ 13 ಬಗೆಗಳನ್ನು ಹೆಸರಿಸಲಾಗಿದೆ. 1896ರಲ್ಲಿ ಮಾರ್ಫಾನ್ ವರ್ಣಿಸಿದ ಇನ್ನೊಂದರಲ್ಲಿ ಮಗು ಅಸಾಧಾರಣ ಎತ್ತರವಾಗಿ, ಕೈಕಾಲು ಬೆರಳುಗಳು ನೀಳವಾಗಿ ಬೆಳೆಯುತ್ತವೆ. ಕಣ್ಣಿನ ಮಸೂರ ಜಾರಬಹುದು, ಹೃದಯದಿಂದ ಹೊರಡುವ ಮಹಾಧಮನಿ ಹಿಗ್ಗಬಹುದು. ಕೀಲುಗಳು ಮೇಲಿಂದ ಮೇಲೆ ಜಾರುವ, ಇಲ್ಲವೆ ಸಣ್ಣ ಪೆಟ್ಟಿಗೂ ಎಲುಬು ಮುರಿಯುವ ಮಕ್ಕಳನ್ನೂ ತಜ್ಞರಿಗೆ ತೋರಿಸಲೇಬೇಕು.

ಆಳುಗಳನ್ನು ಬಲಪಡಿಸುವುದು

ಹುಟ್ಟಿನಿಂದ ಬಂದ ಹಗ್ಗವನ್ನು ಬದಲಿಸುವುದು ಸಾಧ್ಯವಿಲ್ಲ. ಅದನ್ನು ಬಿಗಿಗೊಳಿಸುವ ಗುಳಿಗೆಯೂ ಎಣ್ಣೆಯೂ ಇಲ್ಲ. ಆದರೆ ಎಳೆದು ಹಿಡಿಯುವ ಆಳುಗಳನ್ನು ಬಲಪಡಿಸಬಹುದು. ಸಡಿಲು ಕೀಲಿನ ಆರೈಕೆಯ ಸಾರವೆಲ್ಲ ಇಷ್ಟೇ. ಇದು ಬರಿಯ ತರ್ಕವಲ್ಲ. ನೋವುಳ್ಳ ಸಡಿಲು ಕೀಲಿನ ಮಕ್ಕಳಿಗೆ ವ್ಯಾಯಾಮದ ಚಿಕಿತ್ಸೆ ಕೊಟ್ಟು ನೋಡಿದ ಪರೀಕ್ಷೆಯೊಂದು ಬ್ರಿಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾಯಿತು. ಇಡೀ ಮೈಗೆ ಸಾಮಾನ್ಯ ವ್ಯಾಯಾಮ ಮಾಡಿದವರಲ್ಲಿಯೂ ನಿರ್ದಿಷ್ಟ ಕೀಲುಗಳಿಗೆ ವ್ಯಾಯಾಮ ಮಾಡಿದವರಲ್ಲಿಯೂ ನೋವು ಕಡಿಮೆಯಾದುದು ಅದರಲ್ಲಿ ಕಂಡುಬಂದಿತು.

ನೋವಿಗೆ ಹೆದರಿ ಮಗುವನ್ನು ಆಟದಿಂದ ಬಿಡಿಸಿ ಮೂಲೆಯಲ್ಲಿ ಕೂಡಿಸುವ ತಾಯ್ತಂದೆಗಳು ಬಹಳ. ಗದರಿಕೆಯಷ್ಟೇ ಈ ಅಕ್ಕರೆಯೂ ಹಾನಿಕರ. ಆಟ ಬಿಟ್ಟ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಇನ್ನೂ ಬೇಗ ನೋಯುತ್ತದೆ. ನಡಿಗೆ, ಸೈಕಲ್ಲು, ಈಜು ಇವೆಲ್ಲ ಒಳ್ಳೆಯವು. ನಮ್ಮ ಗರಡಿಮನೆಯ ಬಸ್ಕಿಯನ್ನೇ ತೆಗೆದುಕೊಳ್ಳಿ. ಗೋಡೆಯನ್ನೋ ಕಿಟಕಿಯ ಸರಳನ್ನೋ ಹಿಡಿದು, ಅರ್ಧದಷ್ಟೇ ಕುಳಿತು, ನಿಧಾನವಾಗಿ ಎದ್ದು, ಮೊಣಕಾಲು ಹಿಂದಕ್ಕೆ ಬಾಗುವ ಮೊದಲೇ ನಿಲ್ಲಿಸುವ ಹತ್ತು ಬಸ್ಕಿಗಳು ತೊಡೆಯ ಸ್ನಾಯುವಿಗೆ ಉತ್ತಮ ಸಾಮು. ಅದೇ ಬಸ್ಕಿಯನ್ನು ನೂರರ ಲೆಕ್ಕದಲ್ಲಿ ಶಿಕ್ಷೆಯಾಗಿ ಹೊಡೆಸಿದರೆ ದಣಿದ ಸ್ನಾಯು ಕೀಲನ್ನು ಕಾಯಲಾರದು. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ನಿಷೇಧಿಸಿದೆಯೆಂಬುದನ್ನೂ ಇಲ್ಲಿ ನೆನೆಯಬೇಕು. ಹಿಮ್ಮಡಿಯನ್ನೆತ್ತಿ ತುದಿಗಾಲಲ್ಲಿ ನಿಲ್ಲುವುದು, ಒಂಟಿಕಾಲಿನ ಮೇಲೆ ಇಪ್ಪತ್ತು ಎಣಿಸುವವರೆಗೆ ನಿಲ್ಲುವುದು ಇವು ಸ್ನಾಯುಗಳೊಡನೆ ಸ್ಥಾನಪ್ರಜ್ಞೆಯನ್ನೂ ಚುರುಕುಗೊಳಿಸುತ್ತವೆ. ವಾರಕ್ಕೊಂದು ದಿನ ಒಂದು ಗಂಟೆಗಿಂತ ದಿನಕ್ಕೆ ಹತ್ತು ನಿಮಿಷ ಮೇಲು. ಫಲ ಕಾಣಲು ವಾರಗಳೂ ತಿಂಗಳುಗಳೂ ಬೇಕು.

ಹದವನ್ನು ಅರಿಯುವುದೂ ಅಷ್ಟೇ ಮುಖ್ಯ. ಸವದತ್ತಿಯ ಎಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಹಗಲೆಲ್ಲ ಹತ್ತಿಳಿದು, ಅನಂತರ ಎರಡು ದಿನ ಹಾಸಿಗೆ ಹಿಡಿಯುವ ಮಗುವನ್ನು ಎಣಿಸಿಕೊಳ್ಳಿ. ಒಮ್ಮೆಲೆ ಬಹಳ, ಮತ್ತೆ ಏನೂ ಇಲ್ಲ ಎಂಬ ಈ ಏರಿಳಿತವೇ ನೋವನ್ನು ಬೆಳೆಸುತ್ತದೆ. ನಡುನಡುವೆ ಕೂತು ದಣಿವಾರಿಸಿಕೊಂಡು ಹತ್ತಿದರೆ ಅದೇ ಮಗು ಮರುದಿನವೂ ನಡೆದೀತು. ಬರವಣಿಗೆಯಲ್ಲಿಯೂ ಹೀಗೆಯೇ: ದಪ್ಪನೆಯ ಲೇಖನಿ, ಅರ್ಧ ಪುಟಕ್ಕೊಮ್ಮೆ ಬೆರಳಿಗೆ ವಿರಾಮ, ಬೆನ್ನಿಗೆ ಆನಿಕೆ, ಪಾದಕ್ಕೆ ನೆಲ. ಚೀಲದ ಭಾರ ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾ ಚೀಲದ ನೀತಿ ಹೇಳುತ್ತದೆ. 30 ಕಿಲೋಗ್ರಾಂ ತೂಗುವ ಮಗುವಿಗೆ 3 ಕಿಲೋಗ್ರಾಂ. ಚೀಲವನ್ನು ಎರಡೂ ಹೆಗಲಿಗೆ ಹಾಕಿಕೊಳ್ಳಬೇಕು. ಮನೆಯಲ್ಲಿ ಪಾದಗಳನ್ನು ಎರಡು ಬದಿಗೆ ಚಾಚಿ ನಡುವೆ ಕೂಡುವ ಮಗುವಿಗೆ ಆಗಾಗ ಚಕ್ಕಳಮಕ್ಕಳ ಹಾಕಿ ಕೂಡಲು ನೆನಪಿಸಿದರೆ ಸಾಕು.

ಅಂಗಳದ ಚಮತ್ಕಾರಗಳನ್ನು ಮಾತ್ರ ಬಿಡಿಸುವುದು ಒಳ್ಳೆಯದು. ಹಿಗ್ಗಿದ ಹಗ್ಗವನ್ನು ಚಪ್ಪಾಳೆಗಾಗಿ ಮತ್ತೆ ಮತ್ತೆ ಹಿಗ್ಗಿಸುವುದರಿಂದ ಲಾಭವಿಲ್ಲ. ಉಳುಕಿದಾಗ ಒಂದೆರಡು ದಿನ ವಿಶ್ರಾಂತಿ, ತಣ್ಣನೆಯ ಪಟ್ಟಿ. ಅನಂತರ ಮೆಲ್ಲಮೆಲ್ಲನೆ ನಡಿಗೆ. ವಾರಗಟ್ಟಲೆ ಕಟ್ಟು ಹಾಕಿ ಮಲಗಿಸಿದರೆ ಸ್ನಾಯು ಕರಗುತ್ತದೆ. ರಾತ್ರಿಯ ನೋವಿಗೆ ಬೆಚ್ಚನೆಯ ಶಾಖ, ಹಗುರವಾದ ನೀವಿಕೆ ಹಿತಕರ. ಆದರೆ ಕೀಲು 'ಕೂಡಿಸುವ' ನೆಪದಲ್ಲಿ ಜಗ್ಗಿ ತಿರುವುವವರ ಕೈಗೆ ಇಂಥ ಮಗುವನ್ನು ಕೊಡಲೇಬಾರದು.

ನೆರವು ದೂರವಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಭೇಟಿ ಕೊಟ್ಟು ಮಕ್ಕಳನ್ನು ಪರೀಕ್ಷಿಸುತ್ತವೆ. ತಂಡ ಬಂದ ದಿನ ನೋವಿನ ಮಾತನ್ನು ಬಾಯಿಬಿಟ್ಟು ಹೇಳಬೇಕು. ತಾಲ್ಲೂಕಿನ ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವೆನಿಸಿದರೆ ಬೆಳಗಾವಿಯ ವೈದ್ಯಕೀಯ ಮಹಾವಿದ್ಯಾಲಯಗಳ ಆಸ್ಪತ್ರೆಗಳಿಗೆ ಹೋಗಬಹುದು. ಕಿತ್ತೂರು, ಸವದತ್ತಿಗಳವರಿಗೆ ಧಾರವಾಡ, ಹುಬ್ಬಳ್ಳಿಗಳೇ ಹತ್ತಿರ. ಯಾವ ಸ್ನಾಯುವಿಗೆ ಎಂಥ ವ್ಯಾಯಾಮವೆಂಬುದನ್ನು ಭೌತಚಿಕಿತ್ಸಕರು ಒಂದೆರಡು ಸಲ ತೋರಿಸಿಕೊಟ್ಟರೆ ಉಳಿದುದನ್ನು ಮನೆಯಲ್ಲಿಯೇ ನಡೆಸಬಹುದು.

ವಿದ್ಯಾರ್ಥಿಗಳಾದ ವಾಚಕರ ಮನೆಯಲ್ಲಿಯೂ ಇಂಥ ತಮ್ಮನೋ ತಂಗಿಯೋ ಇರಬಹುದು; ಓದುತ್ತಿರುವವರೇ ಅಂಥವರಾಗಿರಲೂ ಬಹುದು. ಆ ಮಗುವಿಗೆ ಮೊದಲು ಬೇಕಾದುದು ತನ್ನ ಮಾತನ್ನು ನಂಬುವ ಒಬ್ಬರು. ಎರಡನೆಯದಾಗಿ ಬೇಕಾದುದು ದಿನಕ್ಕೆ ಹತ್ತು ನಿಮಿಷ ಅದರ ಜೊತೆಗೆ ನಿಂತು ಬಸ್ಕಿ ಎಣಿಸುವ ಒಬ್ಬರು. ಈ ಎರಡೂ ಕೆಲಸಗಳಿಗೆ ವೈದ್ಯ ಪದವಿ ಬೇಕಾಗಿಲ್ಲ.